ಮೊರದ ಮೇಲಿನ ಕುಸ್ತಿ

ವಸ್ತಾದನ ಬಲಗೈ ಹೆಬ್ಬೆರಳಿನ ಬುಡದಲ್ಲಿ ನನ್ನ ತಮ್ಮನ ಹಲ್ಲಿನ ಗುರುತು ಇತ್ತು. ಎಡ ಹುಬ್ಬಿನ ಮೇಲೆ ನಾನು ಹೊಡೆದ ಕಟ್ಟಿಗೆಯ ಗುರುತು. ಎರಡೂ ಕಿವಿ ನಾದಿಟ್ಟು ಮರೆತ ಜೋಳದ ಹಿಟ್ಟಿನ ಹಾಗೆ ಮುದ್ದೆಯಾಗಿ, ಒಣಗಿ, ಬಿರುಕು ಬಿಟ್ಟಿದ್ದವು. ಕಿವಿಗಳನ್ನು ಹಾಗೆ ಮಾಡಿದವರು ಅವನ ಜೊತೆ ಕುಸ್ತಿ ಹಿಡಿದವರು, ಅದರಲ್ಲಿ ನಮ್ಮ ಮನೆಯವರ ಕೈ ಇಲ್ಲ. ಬಲಗಿವಿಯ ತೂತು ಪೂರಾ ಮುಚ್ಚಿಹೋಗಿದ್ದರಿಂದ ಎಡಗಡೆ ನಿಂತು ಕೂಗಿದರೆ ಮಾತ್ರ ಅವನಿಗೆ ಕೇಳುತ್ತಿತ್ತು. ಬಲಗಡೆ ನಿಂತು ಎಷ್ಟು ಬೈದರೂ ತಲೆಯಾಡಿಸಿ ನಗುತ್ತಿದ್ದ. ನಾನು ಬಹಳ ದಿನ ಬಲಗಡೆ ನಿಂತೇ ಬೈದಿದ್ದೇನೆ.

ನಮ್ಮ ಕಡೆ ಗರಡಿಮನೆಯಲ್ಲಿ ಪೈಲ್ವಾನರನ್ನು ತಯಾರು ಮಾಡುವವನಿಗೆ ವಸ್ತಾದ ಎನ್ನುತ್ತಾರೆ. ಇವನು ಅದಕ್ಕಿಂತ ಹೆಚ್ಚು ಹೆಸರಾಗಿದ್ದು ಜೋಡಿ ಹಚ್ಚುವುದಕ್ಕೆ. ಮಣ್ಣಿನ ಕುಸ್ತಿಯಲ್ಲಿ ತಕ್ಕಡಿ ಇಟ್ಟು ತೂಗುವುದಿಲ್ಲ. ಪೈಲ್ವಾನರು ಲಂಗೋಟಿ ಬಿಗಿದು ಕಣದ ಸುತ್ತ ನಿಂತಿರುತ್ತಾರೆ. ಜೋಡಿ ಹಚ್ಚುವವನು ಒಬ್ಬೊಬ್ಬರ ಮಣಿಕಟ್ಟು ಹಿಡಿದು, ಕುತ್ತಿಗೆಯ ಹಿಂದೆ ಹೆಬ್ಬೆರಳು ಒತ್ತಿ ನೋಡಿ, ಸರಿಸಮ ಅನಿಸಿದ ಇಬ್ಬರ ಕೈಗಳನ್ನು ಮೇಲೆತ್ತುತ್ತಾನೆ. ಕೈ ಎತ್ತಿದ ಮೇಲೆ ಒಲ್ಲೆ ಅನ್ನುವಂತಿಲ್ಲ. ಒಲ್ಲೆ ಅಂದವನಿಗೆ ಮನೆಗೆ ಹೋಗಿ ಸೀರೆ ಉಡು ಅಂತ ಬೈಯುತ್ತಾರೆ. ಸೀರೆ ಉಟ್ಟವರು ಎಷ್ಟು ಹೊರೆ ಹೊರುತ್ತಾರೆ ಅಂತ ಬೈಯುವವರಿಗೆ ಗೊತ್ತಿಲ್ಲ.

ನಾನೂ ನನ್ನ ತಮ್ಮನೂ ಧಾರವಾಡದ ಕಡೆಯಿಂದ ದಾಂಡೇಲಿಗೆ ದುಡಿಯಲು ಬಂದವರು. ಅಪ್ಪ ಅವ್ವ ಇರಲಿಲ್ಲ. ಗಂಡ ಇದ್ದ, ಆಮೇಲೆ ಇರಲಿಲ್ಲ. ಅವನ ಸುದ್ದಿ ಇಲ್ಲಿ ಬೇಡ. ಕಾಗದದ ಮಿಲ್ಲಿಗೆ ಬರುವ ಬಿದಿರನ್ನು ಲಾರಿಯಿಂದ ಇಳಿಸಿ ಹೊರುವ ಕೆಲಸ ಇಬ್ಬರಿಗೂ. ತಮ್ಮ ಗಿಡ್ಡ, ನನ್ನ ಭುಜಕ್ಕೆ ಬರುತ್ತಿದ್ದ. ಆದರೆ ಇಬ್ಬರು ಹೊರುವ ಬಿದಿರನ್ನು ಒಬ್ಬನೇ ತಲೆಯ ಮೇಲೆ ಹೊರುತ್ತಿದ್ದ. ಹೊತ್ತು ಹೊತ್ತು ಕುತ್ತಿಗೆ ತಲೆಗಿಂತ ದಪ್ಪವಾಗಿತ್ತು. ಕೆಲಸ ಬಿಟ್ಟ ಮೇಲೆ ಗರಡಿಮನೆಗೆ ಹೋಗಿ ಮೈತುಂಬ ಮಣ್ಣು ಮೆತ್ತಿಕೊಂಡು ಬರುತ್ತಿದ್ದ.

ಆ ದಿನ ಹಳಿಯಾಳದ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಕುಸ್ತಿ ಇತ್ತು. ನಾನು ಅಂಚಿನಲ್ಲಿ ಕುಳಿತು ಚುರುಮುರಿ ಮಾರುತ್ತಿದ್ದೆ. ಕೊನೆಯ ಕುಸ್ತಿಗೆ ಗಡಿಯಾಚೆಯಿಂದ ಒಬ್ಬ ಪೈಲ್ವಾನ ಬಂದಿದ್ದ. ನಮ್ಮ ಮನೆಯ ಬಾಗಿಲಲ್ಲಿ ಹಿಡಿಸದಂಥ ಆಳು. ಅವನ ಜೊತೆ ಹಿಡಿಯಬೇಕಾದವನು ಬರಲೇ ಇಲ್ಲ. ಜನ ರೇಗಿ ಹೆಂಟೆ ಎಸೆಯತೊಡಗಿದರು. ಒಂದು ಹೆಂಟೆ ಹಲಗೆ ಬಾರಿಸುವವನ ಹಣೆಗೆ ಬಿದ್ದು ರಕ್ತ ಸೋರಿತು. ಕುಸ್ತಿ ನಡೆಸುವವರು ವಸ್ತಾದನ ಅಂಗಿ ಹಿಡಿದು ಎಳೆದಾಡಿದರು. "ಯಾರನ್ನರ ಹಚ್ಚ್ರಿ ವಸ್ತಾದ್ರ, ಇಲ್ಲಾಂದ್ರ ನಮ್ಮನ್ನ ಇಲ್ಲೇ ಹೂಳ್ತಾರ ಮಂದಿ!"

ವಸ್ತಾದ ಕಣದ ಸುತ್ತ ಓಡಿದ. ಒಬ್ಬನ ಮಣಿಕಟ್ಟು ಹಿಡಿದು ಬಿಟ್ಟ, ಇನ್ನೊಬ್ಬನದು ಹಿಡಿದು ಬಿಟ್ಟ. ತಮ್ಮನ ಹತ್ತಿರ ಬಂದು ಕುತ್ತಿಗೆ ಒತ್ತಿದ. ಮತ್ತೆ ಒತ್ತಿದ. ಕೈ ಎತ್ತಿಬಿಟ್ಟ.

ದೊಡ್ಡವನು ಮೊದಲ ಹಿಡಿತಕ್ಕೇ ತಮ್ಮನನ್ನು ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ ಬಡಿದ. ಮೂಗು ಒಡೆಯಿತು. ತಮ್ಮ ಎದ್ದು ರಕ್ತ ಉಗುಳಿ ಮತ್ತೆ ನುಗ್ಗಿದ. ಮತ್ತೆ ಬಿದ್ದ, ಮತ್ತೆ ನುಗ್ಗಿದ. ಆಮೇಲೆ ಅವನಿಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ದೊಡ್ಡವನ ಕಂಕುಳಲ್ಲಿ ತಲೆ ತೂರಿಸಿ, ಬಿದಿರಿನ ಹೊರೆ ಎತ್ತಿದ ಹಾಗೆ ಕುತ್ತಿಗೆಯ ಮೇಲೆ ಅವನನ್ನು ಎತ್ತಿದ. ಎತ್ತಿದ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡವನ ಎರಡೂ ಕಾಲು ನೆಲ ಬಿಟ್ಟಿದ್ದವು. ಜನ ಹುಚ್ಚೆದ್ದು ಕೂಗಿದರು. ಆಗ ದೊಡ್ಡವನು ಮೇಲಿನಿಂದ ಕುತ್ತಿಗೆಗೆ ತೋಳು ಸುತ್ತಿ ಪಕ್ಕಕ್ಕೆ ಹೊರಳಿದ. ಒಣ ಬಿದಿರು ಮುರಿದ ಸದ್ದು ಬಂತು. ಆ ಸದ್ದನ್ನು ದಿನಾ ಕೇಳುವವಳು ನಾನು. ಅಲ್ಲಿ ಬಿದಿರು ಇರಲಿಲ್ಲ.

ತಮ್ಮ ಸಾಯಲಿಲ್ಲ. ಕುತ್ತಿಗೆಯಿಂದ ಕೆಳಗೆ ಒಂದು ಬೆರಳೂ ಅಲುಗಲಿಲ್ಲ, ಅಷ್ಟೇ. ದೊಡ್ಡ ಆಸ್ಪತ್ರೆಯವರು ನೋಡುವಷ್ಟು ನೋಡಿ ಮನೆಗೆ ಕಳಿಸಿದರು.

ಮನೆಗೆ ತಂದ ಮಾರನೆಯ ಬೆಳಿಗ್ಗೆ ವಸ್ತಾದ ಬಾಗಿಲಿಗೆ ಬಂದು ನಿಂತ. ನಾನು ಒಲೆಯ ಮುಂದಿದ್ದೆ. ಕೈಗೆ ಸಿಕ್ಕ ಕಟ್ಟಿಗೆ ತೆಗೆದುಕೊಂಡು ಮುಖಕ್ಕೆ ಬೀಸಿದೆ. ಹುಬ್ಬು ಸೀಳಿ ಕಣ್ಣು ತುಂಬ ರಕ್ತವಾಯಿತು. ಅಷ್ಟು ದೊಡ್ಡ ಆಳು ಕೈ ಅಡ್ಡ ಹಿಡಿಯಲಿಲ್ಲ. "ಇನ್ನೊಂದು ಹೊಡೀರಿ ಅಕ್ಕಾರ," ಎಂದ. ಇನ್ನೊಂದು ಹೊಡೆದೆ. ಅದು ಭುಜಕ್ಕೆ ಬಿತ್ತು. ಕಟ್ಟಿಗೆ ಮುರಿಯಿತು. "ಆತೇನ್ರಿ? ಹಂಗಾರ ಸರೀರಿ, ಅವಂಗ ಮೈ ತೊಳೀಬೇಕು," ಎಂದು ಒಳಗೆ ಬಂದ. ಅಂದಿನಿಂದ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸಿದೆ. ಅವನು ಅಕ್ಕಾರ, ರೀ ಅನ್ನುವುದನ್ನು ಬಿಡಲಿಲ್ಲ, ನನಗಿಂತ ದೊಡ್ಡವನಾದರೂ.

ತಮ್ಮನಿಗೆ ಗಂಜಿ ಕುಡಿಸಲು ಹೋದ. ತಮ್ಮನಿಗೆ ಇದ್ದದ್ದು ಬಾಯಿ ಒಂದೇ. ಅದರಿಂದ ವಸ್ತಾದನ ಹೆಬ್ಬೆರಳು ಕಚ್ಚಿದ. ಕುತ್ತಿಗೆ ಒತ್ತಿ ನೋಡಿದ ಆ ಬೆರಳೇ. ಎಲುಬಿಗೆ ಹಲ್ಲು ತಾಗುವವರೆಗೂ ಕಚ್ಚಿದ. ವಸ್ತಾದ ಎಳೆದುಕೊಳ್ಳಲಿಲ್ಲ, ಬಿಡುವವರೆಗೆ ಕುಳಿತಿದ್ದ. ಆಮೇಲೆ ಎಡಗೈಯಿಂದ ಗಂಜಿ ಕುಡಿಸಿದ. ಗಂಜಿಯಲ್ಲಿ ರಕ್ತ ಬಿದ್ದಿತ್ತು. ತಮ್ಮ ಅದನ್ನೂ ಕುಡಿದ.

ಹೀಗೆ ಶುರುವಾಯಿತು. ವಸ್ತಾದ ಜೋಡಿ ಹಚ್ಚುವುದನ್ನು ಬಿಟ್ಟ. ದಿನಾ ನೆನೆಸಿದ ಕಡಲೆಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು ಬರುವನು, ತಮ್ಮನನ್ನು ಮಗ್ಗುಲಾಗಿಸುವನು, ಬೆನ್ನ ಹುಣ್ಣು ತೊಳೆಯುವನು. ಮನೆಯಲ್ಲಿ ಕುರ್ಚಿ ಇದ್ದರೂ ನೆಲಕ್ಕೇ ಕುಳಿತುಕೊಳ್ಳುವನು, ಎಡ ಕಿವಿ ನಮ್ಮ ಕಡೆ ಮಾಡಿ. ತಮ್ಮ ಬೈಯುವನು. ಬೈಗುಳ ಮುಗಿದ ಒಂದು ದಿನ ತಮ್ಮ ಹೇಳಿದ, "ನನಗ ಆ ಕುಸ್ತಿ ತಿರುಗಿ ಬೇಕು."

"ಹೆಂಗೋ ತಮ್ಮಾ?"

"ಅದು ನಿನಗ ಗೊತ್ತು. ಜೋಡಿ ಹಚ್ಚಿದಾಂವ ನೀ. ನನ್ನ ಅಳತಿಯೊಳಗ ನಾ, ಅವನ ಅಳತಿಯೊಳಗ ಅಂವ. ತಿರುಗಿ ಹಿಡೀಬೇಕು."

ವಸ್ತಾದ ಗರಡಿಯ ಕೆಮ್ಮಣ್ಣು ತಂದು ಎರಡು ಗೊಂಬೆ ಮಾಡಿದ. ಒಂದು ಗೇಣುದ್ದ, ಇನ್ನೊಂದು ಅದರ ಅರ್ಧಕ್ಕಿಂತ ತುಸು ಹೆಚ್ಚು. ನನ್ನ ಮೊರವನ್ನು ತಮ್ಮನ ಎದೆಯ ಮೇಲೆ ಇಟ್ಟು, ತಲೆಯ ಕೆಳಗೆ ದಿಂಬು ಏರಿಸಿ, ಗೊಂಬೆಗಳನ್ನು ಮೊರದಲ್ಲಿ ನಿಲ್ಲಿಸಿದ. ತಮ್ಮ ಉಸಿರೆಳೆದಾಗ ಕಣ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ತಮ್ಮ ಬಾಯಲ್ಲಿ ಹೇಳಬೇಕು: ಕಾಲು ಹಿಡಿದೆ, ಸೊಂಟ ಹಿಡಿದೆ, ಮೊಣಕಾಲಲ್ಲಿ ಗುದ್ದಿದೆ. ಅವನ ಪರವಾಗಿ ನಾನು ಕವಡೆ ಎಸೆಯಬೇಕು. ದೊಡ್ಡವನ ಪರವಾಗಿ ವಸ್ತಾದ ಎಸೆಯುವನು, ಪ್ರತಿ ಸಲ ಕವಡೆಗಳನ್ನು ಪಂಚೆಗೆ ಒರೆಸಿ. ಬಾಯಿ ಮೇಲಾಗಿ ಬಿದ್ದ ಕವಡೆ ಯಾರಿಗೆ ಹೆಚ್ಚೋ ಅವರ ಮಾತು ನಡೆಯುವುದು.

"ಅವಂದು ನಿನ್ನ ಎರಡರಷ್ಟು ಮೈ," ಎಂದ ವಸ್ತಾದ. "ಅವಂಗ ಹನ್ನೆರಡು ಕವಡಿ, ನಿನಗ ಆರು. ಸರಿ ಏನು?"

ಸರಿ ಇರಲಿಲ್ಲ. ತಮ್ಮ ಏನು ಹೇಳಿದರೂ ಬಿದ್ದ. ಪಕ್ಕೆಲುಬು ಮುರಿಯಿತು, ಹಲ್ಲು ಉದುರಿತು, ಕೈ ತಿರುಚಿತು, ಎಲ್ಲಾ ಬಾಯಲ್ಲಿ. ವಾರಗಟ್ಟಲೆ ನಾನು ಕವಡೆ ಎಸೆದು ತಮ್ಮನಿಗೆ ಏಟು ತಿನ್ನಿಸಿದೆ. ಕೊನೆಗೆ ತಮ್ಮನೇ ಚೀರಿದ, "ಇದು ಕುಸ್ತಿ ಅಲ್ಲ, ಕುರಿ ಕಡ್ಯೂದು. ಅವತ್ತ ನಾ ಅವನ್ನ ಎತ್ತಿದ್ನೋ ಇಲ್ಲೋ? ಈ ಆಟದಾಗ ಎತ್ತಾಕ ಬರೂದಿಲ್ಲ. ಸುಳ್ಳ ಆಟ."

ಮರುದಿನ ವಸ್ತಾದ ಇಬ್ಬರಿಗೂ ಆರಾರು ಕವಡೆ ಇಟ್ಟ. ತಮ್ಮ ಗೆದ್ದ. ದೊಡ್ಡವನನ್ನು ಎತ್ತಿ ಒಗೆದು, ಎದೆಯ ಮೇಲೆ ಕುಳಿತು ಚಿತ್ ಮಾಡಿದ. ನಾನು ಚಪ್ಪಾಳೆ ತಟ್ಟಿದೆ. ತಮ್ಮ ವಸ್ತಾದನ ಮುಖಕ್ಕೆ ಉಗುಳಿದ.

"ಇಂವ ಯಾರು? ಇಷ್ಟ ಹಗುರ ಇದ್ದಾಂವ ಯಾರು? ನನ್ನ ಕುತ್ತಿಗಿ ಮುರದಾಂವ ಇಂವ ಅಲ್ಲ. ಯಾರೋ ಪುಕ್ಕಟೆ ಮನಷ್ಯಾನ್ನ ತಂದು ಕೆಡವ್ಸಿ ನನಗ ಸಮಾಧಾನ ಮಾಡ್ತೀಯೇನು? ನಾ ಕೂಸೇನು?"

ವಸ್ತಾದ ಮುಖ ಒರೆಸಿಕೊಂಡ. "ಖರೇ ಐತಿ," ಎಂದ. "ನಾ ಹೆದರಿ ಇಟ್ಟೆ."

ಆಮೇಲೆ ಅವನು ಗರಡಿಮನೆಯ ಹೊರಗೆ ನಿಂತು ಕಿಟಕಿಯಿಂದ ನೋಡತೊಡಗಿದನಂತೆ. ದೊಡ್ಡ ಮೈಯವನು ಎಷ್ಟು ಹೊತ್ತಿಗೆ ಏದುತ್ತಾನೆ, ಸಣ್ಣವನು ಯಾವಾಗ ಸಿಕ್ಕಿಬೀಳುತ್ತಾನೆ, ಯಾವಾಗ ಜಾರುತ್ತಾನೆ. ಬಂದವನು ಹೊಸ ನಿಯಮ ಹೇಳಿದ. "ತೂಕ ಒಂದ, ದಮ್ಮು ಒಂದ, ಕಾಲು ಒಂದ. ಮೂರೂ ಕಲಸಿ ಒಂದ ಶಕ್ತಿ ಅಂದದ್ದು ನನ್ನ ತಪ್ಪು. ಹಿಡದಾಗ ತೂಕ, ಬಿಟ್ಟಾಗ ಕಾಲು." ಇಬ್ಬರೂ ಒಬ್ಬರನ್ನೊಬ್ಬರು ಹಿಡಿದಿದ್ದಾಗ ದೊಡ್ಡವನಿಗೆ ಹನ್ನೆರಡು, ತಮ್ಮನಿಗೆ ಆರು. ದೂರ ಇದ್ದಾಗ ತಮ್ಮನಿಗೆ ಹನ್ನೆರಡು, ದೊಡ್ಡವನಿಗೆ ಆರು. ದೊಡ್ಡವನು ಎಸೆದ ಪ್ರತಿ ಸಲ ಅವನದು ಒಂದು ಕವಡೆ ಕಡಿಮೆ, ಯಾಕೆಂದರೆ ಅಷ್ಟು ಮೈಯನ್ನು ಅವನೇ ಹೊರಬೇಕಲ್ಲ. ಉಸಿರು ತಗೊಳ್ಳಲು ಸುಮ್ಮನೆ ನಿಂತರೆ ಕವಡೆ ತಿರುಗಿ ಬರುತ್ತವೆ, ಆದರೆ ನಿಂತಾಗ ತಮ್ಮ ಹೊಡೆಯಬಹುದು.

ಆಗ ಆಟಕ್ಕೆ ರಕ್ತ ಬಂತು. ತಮ್ಮ ದೊಡ್ಡವನನ್ನು ಓಡಾಡಿಸಿ ಸುಸ್ತು ಮಾಡಿ, ತೊಡೆಗೆ ಗುದ್ದಿ, ಕಾಲೆಳೆದು ಕೆಡವುವನು. ಒಮ್ಮೊಮ್ಮೆ ಸಿಕ್ಕಿಬಿದ್ದು ಪುಡಿಯಾಗುವನು. ತಮ್ಮನ ಕೂಗು ಕೇಳಿ ಪಕ್ಕದ ಮನೆಯವರು ಯಾರನ್ನೋ ಕೊಲ್ಲುತ್ತಿದ್ದಾರೆ ಅಂತ ಓಡಿ ಬರುವರು. "ಹೊಡಿ! ಮುರಿ! ಬಿಡಬ್ಯಾಡ ಅಕ್ಕಾ, ಒಗಿ ಕವಡಿ!" ಬಂದವರು ನೋಡಿದರೆ ಮಲಗಿದವನ ಎದೆಯ ಮೇಲೆ ಒಂದು ಮೊರ.

ಆದರೆ ತಮ್ಮನಿಗೆ ತೃಪ್ತಿ ಇರಲಿಲ್ಲ. ಒಂದು ಮಧ್ಯಾಹ್ನ ಕೇಳಿದ, "ವಸ್ತಾದ, ಕಾಲು ಐತಿ, ಸೊಂಟ ಐತಿ, ಕೈ ಐತಿ. ಕುತ್ತಿಗಿ ಎಲ್ಲೈತಿ?"

ವಸ್ತಾದ ಕೇಳಿಸದವನ ಹಾಗೆ ಬಲ ಕಿವಿ ತಿರುಗಿಸಿದ.

"ಎಡಕ್ಕ ತಿರುಗಲೇ ಖೋಡಿ! ಇಷ್ಟ ದಿನ ಆಡಿದಿವಿ, ಒಮ್ಮೆಯೂ ಅಂವ ನನ್ನ ಕುತ್ತಿಗಿ ಹಿಡಿಲಿಲ್ಲ. ನೀ ಹಿಡಸ್ಲಿಲ್ಲ. ಕುತ್ತಿಗಿ ನಿಯಮ ಹೇಳು."

ವಸ್ತಾದ ಬಹಳ ಹೊತ್ತು ಕವಡೆ ಒರೆಸಿದ. ಆಮೇಲೆ ತಲೆ ಎತ್ತದೆ ಹೇಳಿದ, "ಅವತ್ತ ನಿನ್ನ ಕುತ್ತಿಗಿ ಮುಟ್ಟಿದೆ. ಕಂಬ ಇದ್ದಂಗ ಇತ್ತು. ಇಂಥಾ ಕುತ್ತಿಗಿ ಇದ್ದಾಂವ ಯಾರನ್ನರ ತಡೀತಾನ ಅಂದ್ಕೊಂಡೆ. ಹೊರಿ ಹೊತ್ತ ಕುತ್ತಿಗಿ ಮ್ಯಾಲಿಂದ ಬಂದದ್ದು ತಡೀತೈತಿ. ಕಂಬ ತಿರುಗೂದಿಲ್ಲ ಅನ್ನೂದು ಹೊಳೀಲಿಲ್ಲ. ಅಡ್ಡ ತಿರುವಿ ನೋಡ್ಲಿಲ್ಲ ನಾ."

"ಹಂಗಾರ ನಿಯಮ ಏನು?"

"ದೊಡ್ಡಾಂವ ಹಿಡದಾಗ ಗೆದ್ರ ಕುತ್ತಿಗಿ ತಿರುವಬಹುದು. ತಿರುವಿದ್ರ… ನಿನಗ ತಡಿಯಾಕ ಒಂದ ಕವಡಿ ಇಡೂಣು."

"ಅವತ್ತ ಒಂದರ ಇತ್ತೇನು?"

"ಇರಲಿಲ್ಲ."

"ಹಂಗಾರ ಇಡಬ್ಯಾಡ." ತಮ್ಮನೇ ಮತ್ತೆ ಹೇಳಿದ, "ಇವತ್ತ ಜೋಡಿ ಬದಲ. ನಾ ದೊಡ್ಡಾಂವ. ನೀ ನಾನು."

ಆ ದಿನ ನಾನು ದೊಡ್ಡವನ ಕವಡೆ ಎಸೆದೆ. ನನ್ನ ತಮ್ಮನ ಗೊಂಬೆಯನ್ನು ವಸ್ತಾದ ಆಡಿಸಿದ. ಚೆನ್ನಾಗಿಯೇ ಆಡಿದ, ಹತ್ತಿರ ಬರಲೇ ಇಲ್ಲ. ಜಾರಿದ, ಗುದ್ದಿದ, ದೂರ ನಿಂತ. ದೊಡ್ಡವನ ಕವಡೆ ಕರಗಿದವು. ಇನ್ನೇನು ಗೆಲ್ಲಬೇಕು, ತಮ್ಮ ಕೂಗಿದ, "ಓಡ್ತೀಯೇನಲೇ? ನಾ ಓಡಿದ್ನೇನು ಅವತ್ತ? ಹೆಂಗ ಆಡಿದ್ನೋ ಹಂಗ ಆಡು. ಬಾ, ಕಂಕಳಾಗ ತಲಿ ಹಾಕು."

ವಸ್ತಾದ ಸಣ್ಣ ಗೊಂಬೆಯ ತಲೆಯನ್ನು ದೊಡ್ಡದರ ಕಂಕುಳಿಗೆ ತಂದು ಇಟ್ಟ. ದೊಡ್ಡವನು ಅಷ್ಟರೊಳಗೆ ಉಸಿರು ತಗೊಂಡಿದ್ದ, ನನ್ನ ಕೈಯಲ್ಲಿ ಪೂರಾ ಕವಡೆ. ಎಸೆದೆ. ವಸ್ತಾದ ಎಸೆದ. ದೊಡ್ಡವನು ಗೆದ್ದ. ನಾವಿಬ್ಬರೂ ತಮ್ಮನ ಮುಖ ನೋಡಿದೆವು. ಬಿಡುತ್ತೇನೆ ಅಂದರೂ ನಡೆಯುತ್ತಿತ್ತು. ನಿಯಮದಲ್ಲಿ ತಿರುವಲೇಬೇಕು ಅಂತ ಇರಲಿಲ್ಲ.

"ತಿರುವಿದೆ," ಎಂದ ತಮ್ಮ.

ತಡೆಯಲು ಕವಡೆ ಇರಲಿಲ್ಲ. ವಸ್ತಾದ ಸಣ್ಣ ಗೊಂಬೆಯ ತಲೆಯನ್ನು ತನ್ನ ಹೆಬ್ಬೆರಳಿನಿಂದ ಮುರಿದ. ಯಾರೂ ಮುರಿ ಎಂದಿರಲಿಲ್ಲ. ಮುರಿದು, ಬಾಯಿಗೆ ಪಂಚೆ ತುರುಕಿಕೊಂಡು ಎತ್ತಿನ ಹಾಗೆ ಒದರಿದ.

"ಸಾಕ ಮಾಡು," ಎಂದ ತಮ್ಮ. ಅವನ ಕಣ್ಣು ಒಣಗಿಯೇ ಇದ್ದವು. "ದೊಡ್ಡಾಂವ ಆಗಿ ನೋಡಿದೆ. ಒಮ್ಮೆ ಆ ಮೈ ಹೊಳ್ಳಿದ ಮ್ಯಾಲೆ ನಿಂದ್ರಸಾಕ ಅವಂಗೂ ಬರೂದಿಲ್ಲ. ಅವಂದು ತಪ್ಪಿಲ್ಲ. ನಂದೂ ಇಲ್ಲ. ಜೋಡಿ ತಪ್ಪಿತ್ತು. ಅದು ನಿಂದು. ನೀ ಇಲ್ಲಿ ಕುಂತು ನನಗ ಗಂಜಿ ಕುಡಸ್ತಿ, ಅಲ್ಲಿ ಚೀಟಿ ಎತ್ತಿ ಜೋಡಿ ಹಚ್ಚಾಕ ಹತ್ಯಾರಂತ. ಹೋದ ಸಲ ಒಬ್ಬಂದು ಭುಜ ಹೋತು. ಎದ್ದು ಹೋಗು. ಕುತ್ತಿಗಿ ಅಡ್ಡ ತಿರುವಿ ನೋಡಿ ಹಚ್ಚು. ಗಂಜಿ ನಮ್ಮಕ್ಕ ಕುಡಸ್ತಾಳ."

ವಸ್ತಾದ ಹೋದ. ಅಲ್ಲಿಂದ ಹಳಿಯಾಳ, ಮುಂಡಗೋಡದ ಕಡೆ ಎಲ್ಲೇ ಕುಸ್ತಿ ಆದರೂ ಅವನೇ ಜೋಡಿ ಹಚ್ಚುತ್ತಿದ್ದ. ಪ್ರತಿಯೊಬ್ಬನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಮೆಲ್ಲಗೆ ತಿರುವಿ ನೋಡುವನು. ತಿರುಗದವನನ್ನು ಹೊರಗೆ ತಳ್ಳುವನು. "ಏನ್ ವಸ್ತಾದ್ರ, ಹೆಣ್ಣ ನೋಡಾಕ ಬಂದೀರೇನು?" ಅಂತ ಜನ ನಗುತ್ತಿದ್ದರು. ತಳ್ಳಿಸಿಕೊಂಡವರಲ್ಲಿ ಒಬ್ಬ ಸಿಟ್ಟಿಗೆದ್ದು ಅವನ ಬಾಯಿಗೆ ಗುದ್ದಿ ಎರಡು ಹಲ್ಲು ಉದುರಿಸಿದ. ವಸ್ತಾದ ರಕ್ತ ಉಗುಳಿ, "ನಾಳಿ ಬಾ, ಕುತ್ತಿಗಿ ಬಿಡಿಸೂದು ಕಲಸ್ತೇನಿ," ಎಂದನಂತೆ.

ತಮ್ಮ ಆಮೇಲೂ ಕೆಲವು ವರ್ಷ ಇದ್ದ. ಬೆನ್ನ ಹುಣ್ಣು ನಂಜಾಗಿ, ಜ್ವರ ಏರಿ ಹೋದ. ಅಲ್ಲಿಯವರೆಗೂ ಕುಸ್ತಿ ಇಲ್ಲದ ದಿನ ವಸ್ತಾದ ಬರುತ್ತಿದ್ದ, ಸಣ್ಣ ಗೊಂಬೆಗೆ ಹೊಸ ತಲೆ ಹಚ್ಚಿದ್ದ, ಮೊರ ಎದೆಯ ಮೇಲೆ ಏರುತ್ತಿತ್ತು. ತಮ್ಮ ಹೆಚ್ಚು ಸಲ ಸೋತ, ಕೆಲವು ಸಲ ಗೆದ್ದ. ಗೆದ್ದದ್ದು ಖರೆ ಗೆಲುವು. ಅವನಿಗೆ ಬೇಕಾಗಿದ್ದದ್ದು ಅದೇ.

ಈಗ ಬಿದಿರು ಹೊರುವ ವಯಸ್ಸಲ್ಲ. ಜೋಯಿಡಾ ರಸ್ತೆಯ ಒಂದು ಹೋಂಸ್ಟೇಯಲ್ಲಿ ರೊಟ್ಟಿ ಬಡಿಯುತ್ತೇನೆ. ಹೊಳೆಯಲ್ಲಿ ರಬ್ಬರ್ ದೋಣಿ ಹತ್ತಲು ಬಂದ ಹುಡುಗ ಹುಡುಗಿಯರು ಮಳೆ ಹಿಡಿದಾಗ ಮೇಜಿನ ಸುತ್ತ ಕುಳಿತು ಒಂದು ಆಟ ಆಡುತ್ತಾರೆ. ಒಬ್ಬ ರಾಕ್ಷಸ, ಒಬ್ಬ ಗಿಡ್ಡ, ಒಬ್ಬಳು ಮಂತ್ರಗಾತಿ. ಬಾಯಲ್ಲಿ ಹೇಳುವುದು, ಹಲವು ಮುಖದ ದಾಳ ಎಸೆಯುವುದು. ಒಂದು ಸಲ ರಾಕ್ಷಸನಿಗೆ ಎಷ್ಟು ಶಕ್ತಿ, ಗಿಡ್ಡನಿಗೆ ಎಷ್ಟು ಅಂತ ಜಗಳ ಹತ್ತಿ ಒಬ್ಬ ತಟ್ಟೆ ಎತ್ತಿ ಒಗೆದ. ನನಗೆ ನಗು ಬಂತು. ರೊಟ್ಟಿ ಹಾಕಿ ಸುಮ್ಮನೆ ಬಂದೆ.

ಸಂಜೆ ವಸ್ತಾದನ ಮನೆಗೆ ಹೋಗಿ, ಮಲಗಿದ್ದವನ ಎಡ ಕಿವಿಗೆ ಕೂಗಿ ಹೇಳಿದೆ. ಅವನು ಎದ್ದು ಕುಳಿತ. "ರಾಕ್ಷಸಗ ದಮ್ಮಿನ ಲೆಕ್ಕ ಐತೇನ್ರಿ?"

"ಗೊತ್ತಿಲ್ಲ. ಗಿಡ್ಡ ಮಾತ್ರ ರಾಕ್ಷಸನ ಎರಡೂ ಕಾಲಿನ ನಡುವ ತೂರಿ ಆ ಕಡೆ ಹೋಗಬಹುದಂತ. ಹೋಗುವಾಗ ಕೆಳಗಿಂದ ಇರೀಬಹುದಂತ."

ವಸ್ತಾದ ತೊಡೆ ತಟ್ಟಿದ. "ಕಾಲಿನ ನಡುವ! ಇಷ್ಟ ವರ್ಷ ಆಡಿದಿವಿ, ನಮಗ ಹೊಳೀಲೇ ಇಲ್ಲಲ್ರೀ ಅಕ್ಕಾರ! ಶಾಣ್ಯಾ ಹುಡುಗ್ರು. ನಿಮ್ಮ ತಮ್ಮ ಇದ್ದಿದ್ರ…" ಎಂದ. ಆ ಹುಡುಗರ ಜೊತೆ ಒಂದು ಆಟ ಆಡಿಸಿರಿ ಅಂತ ಬಹಳ ದಿನ ಕಾಡಿದ. ನಾನು ಕರೆದುಕೊಂಡು ಹೋಗುವ ಮೊದಲೇ, ಕಡಲೆ ನೆನೆಹಾಕಿ ಮಲಗಿದವನು ಏಳಲಿಲ್ಲ.

ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಗರಡಿಯವರು ಬಂದು ಚಟ್ಟ ಕಟ್ಟಿದರು. ನಾನು ಅವನ ಮನೆಯ ಬಾಗಿಲಲ್ಲಿ ನಿಂತಿದ್ದೆ. ನಾಲ್ವರು ಎತ್ತಿದರು. ಒಬ್ಬ ಉದ್ದ, ಒಬ್ಬ ಗಿಡ್ಡ, ಹೇಗೆ ಸಿಕ್ಕರೋ ಹಾಗೆ. ಚಟ್ಟ ವಾಲಿತು, ಹೆಣ ಗಿಡ್ಡನ ಕಡೆ ಜಾರಿತು.

"ಇಳಸ್ರಿ ಕೆಳಗ!" ಎಂದು ಚೀರಿದೆ. "ಜೋಡಿ ಹಚ್ಚಾಂವನ್ನ ಒಯ್ಯಾಕ ಇದೇನ್ರೋ ಜೋಡಿ?"

"ಆಯಿ, ಹೆಂಗಸರು ನಡುವ ಬರಬಾರದು," ಎಂದ ಒಬ್ಬ ಹಿರಿಯ.

"ನೀ ಬಾಯಿ ಮುಚ್ಚು. ನಿನಗಿಂತ ಹೆಚ್ಚ ಹೊತ್ತೇನಿ ನಾ."

ಇಳಿಸಿದರು. ನಾನು ಅಂಗಳಕ್ಕೆ ಇಳಿದು ಒಬ್ಬೊಬ್ಬರ ಮಣಿಕಟ್ಟು ಹಿಡಿದೆ. ತಲೆ ಹಿಡಿದು ಎಡಕ್ಕೆ ಬಲಕ್ಕೆ ತಿರುವಿದೆ. ಯಾರೂ ನಗಲಿಲ್ಲ. ಹೊಳೆಯ ದಾರಿ ಇಳಿಜಾರು, ಅದಕ್ಕೆ ಉದ್ದನೆಯವರಿಬ್ಬರನ್ನು ಮುಂದೆ ನಿಲ್ಲಿಸಿದೆ. ಹಿಂದೆ ನಿಲ್ಲಲು ಬಂದ ಒಬ್ಬ ಗಿಡ್ಡನ ಕುತ್ತಿಗೆ ಎಷ್ಟು ತಿರುವಿದರೂ ತಿರುಗಲಿಲ್ಲ.

"ಏನ್ ಹೊರತೀಯೋ?"

"ಸಿಮೆಂಟ್ ಚೀಲ, ಆಯಿ."

"ಹಿಂದ ಹಿಡಿ. ಇದು ಮ್ಯಾಲಿನ ಭಾರ, ನಿನಗ ಆಗತೈತಿ. ಕುಸ್ತಿಗೆ ಮಾತ್ರ ಹೋಗಬ್ಯಾಡ."

"ಹೂಂ, ಆಯಿ. ವಸ್ತಾದ್ರೂ ನನ್ನ ಹೊರಗ ಹಾಕಿದ್ರು," ಎಂದ.

ಎತ್ತಿದರು. ಈ ಸಲ ಚಟ್ಟ ವಾಲಲಿಲ್ಲ. ಕಾಳಿ ಹೊಳೆಯ ತಿರುವಿನವರೆಗೂ ನೋಡಿದೆ. ವಸ್ತಾದ ಮಟ್ಟಸವಾಗಿ ಹೋದ.